ಹೋದ ಮೇಲೆ, ಬರುವ ಮುನ್ನ

ಕರೆಂಟ್ ಹೋದದ್ದು ಆಸ್ಪತ್ರೆಯ ವರಾಂಡದಲ್ಲಿ ಕೂತವರಿಗೆ ತಿಳಿಯುವುದು ಫ್ಯಾನಿನ ರೆಕ್ಕೆ ನಿಧಾನವಾದಾಗ. ಅಷ್ಟರೊಳಗೆ ಕೆಳಗಿನ ಪ್ಯಾನೆಲ್ ರೂಮಿನಲ್ಲಿ ಕೆಲಸ ಶುರುವಾಗಿಬಿಟ್ಟಿರುತ್ತದೆ. ಆಟೋಮ್ಯಾಟಿಕ್ ಟ್ರಾನ್ಸ್‌ಫರ್ ಸ್ವಿಚ್, ಚಿಕ್ಕದಾಗಿ ಎಟಿಎಸ್, ಎಂಬ ಕಬ್ಬಿಣದ ಪೆಟ್ಟಿಗೆ ಹೊರಗಿನಿಂದ ಬರುವ ಮೂರೂ ಫೇಸುಗಳ ವೋಲ್ಟೇಜನ್ನು ಹಗಲೂ ರಾತ್ರಿ ಗಮನಿಸುತ್ತಲೇ ಇರುತ್ತದೆ. ವೋಲ್ಟೇಜು ಗೊತ್ತುಮಾಡಿದ ಮಟ್ಟಕ್ಕಿಂತ ಕೆಳಗಿಳಿದರೂ ಅದು ಅವಸರಪಡುವುದಿಲ್ಲ. ಒಂದೆರಡು ಸೆಕೆಂಡು ತಾಳುತ್ತದೆ. ಮರದ ಕೊಂಬೆ ತಂತಿಗೆ ತಗುಲಿ ಸರಿದುಹೋದಾಗಲೆಲ್ಲ ಎಂಜಿನ್ ಎಬ್ಬಿಸಬಾರದಲ್ಲ. ಆಮೇಲೂ ವೋಲ್ಟೇಜು ಮರಳದಿದ್ದರೆ ಜನರೇಟರಿಗೆ ಆಜ್ಞೆ ಹೋಗುತ್ತದೆ. ಸ್ಟಾರ್ಟರ್ ಬ್ಯಾಟರಿ ಡೀಸೆಲ್ ಎಂಜಿನ್ನನ್ನು ತಿರುಗಿಸುತ್ತದೆ. ಎಂಜಿನ್ ನಿಮಿಷಕ್ಕೆ 1500 ಸುತ್ತಿನ ವೇಗ ಹಿಡಿಯುತ್ತದೆ. ವೋಲ್ಟೇಜೂ 50 ಹರ್ಟ್ಸ್ ಆವರ್ತನವೂ ಹದಕ್ಕೆ ಬರುತ್ತವೆ. ಆಗ ಟಕ್ಕೆಂದು ಸದ್ದಾಗುತ್ತದೆ, ಹೊರಗಿನ ಲೈನು ಬಿಟ್ಟುಕೊಂಡಿತು. ಇನ್ನೊಂದು ಟಕ್, ಜನರೇಟರ್ ಕೂಡಿಕೊಂಡಿತು.

ಈ ಎರಡು ಸದ್ದುಗಳ ನಡುವೆ ಸ್ವಿಚ್ಚು ಯಾವ ಕಡೆಗೂ ಸೇರಿರುವುದಿಲ್ಲ. ಅದು ದೋಷವಲ್ಲ, ಬೇಕೆಂದೇ ಮಾಡಿದ ಏರ್ಪಾಡು. ಹೊರಗಿನ ಲೈನೂ ಜನರೇಟರೂ ಹೊಂದಾಣಿಕೆಯಿಲ್ಲದೆ ಒಟ್ಟಿಗೆ ಕೂಡಿಕೊಂಡರೆ ಜನರೇಟರ್ ಹಾಳಾದೀತು. ಜನರೇಟರಿನ ಕರೆಂಟು ಹಿಮ್ಮುಖವಾಗಿ ಲೈನಿಗೆ ಹರಿದರೆ ಕಂಬ ಹತ್ತಿ ರಿಪೇರಿ ಮಾಡುತ್ತಿರುವ ಲೈನ್‌ಮನ್ನನ ಜೀವವೇ ಹೋದೀತು. ಆದ್ದರಿಂದ ಒಂದು ಕೂಡಿರುವಾಗ ಇನ್ನೊಂದು ಕೂಡಿಕೊಳ್ಳಲೇಬಾರದಂತೆ ನಡುವೆ ಇಂಟರ್‌ಲಾಕ್ ಇಟ್ಟಿರುತ್ತಾರೆ. ಮೊದಲು ಬಿಡಬೇಕು, ಆಮೇಲೆ ಹಿಡಿಯಬೇಕು.

ಅಮೆರಿಕದ ಎನ್‌ಎಫ್‌ಪಿಎ ಸಂಸ್ಥೆಯ ನಿಯಮಾವಳಿ ಆಸ್ಪತ್ರೆಯ ಜೀವರಕ್ಷಕ ವಿಭಾಗಗಳಿಗೆ ಈ ಇಡೀ ಕೆಲಸಕ್ಕೆ ಕೊಡುವ ಗಡುವು 10 ಸೆಕೆಂಡು. ದೀಪಕ್ಕೆ, ಲಿಫ್ಟಿಗೆ ಅದು ನಡೆಯುತ್ತದೆ. ಕಂಪ್ಯೂಟರಿಗೆ ನಡೆಯುವುದಿಲ್ಲ, ಅದರ ಪವರ್ ಸಪ್ಲೈ ತಾಳುವುದು ಸುಮಾರು 20 ಮಿಲಿಸೆಕೆಂಡು, ಅಂದರೆ 50 ಹರ್ಟ್ಸಿನ ಒಂದೇ ಒಂದು ಅಲೆಯಷ್ಟು ಹೊತ್ತು. ಈ ಅಂತರವನ್ನು ದಾಟಿಸುವುದು ಯುಪಿಎಸ್. ಆನ್‌ಲೈನ್ ಯುಪಿಎಸ್ ಒಳಗೆ ಬಂದ ಕರೆಂಟನ್ನು ಮೊದಲು ಡಿಸಿ ಮಾಡುತ್ತದೆ, ಅದರಿಂದ ಬ್ಯಾಟರಿಯನ್ನು ತುಂಬಿಟ್ಟುಕೊಳ್ಳುತ್ತದೆ, ಅದನ್ನೇ ಮತ್ತೆ ಎಸಿ ಮಾಡಿ ಹೊರಗೆ ಕೊಡುತ್ತದೆ. ಬ್ಯಾಟರಿ ಸದಾ ದಾರಿಯಲ್ಲೇ ಇರುವುದರಿಂದ ಹಿಂದೆ ಲೈನ್ ಸತ್ತರೂ ಮುಂದೆ ಅಲೆ ಮುರಿಯುವುದಿಲ್ಲ. ಆದರೆ ದೊಡ್ಡ ಯುಪಿಎಸ್ಸಿನ ಬ್ಯಾಟರಿಗಳು ಪೂರ್ತಿ ಹೊರೆ ಹೊತ್ತು ನಿಲ್ಲುವುದು ಸಾಮಾನ್ಯವಾಗಿ ಕೆಲವೇ ನಿಮಿಷ. ಜನರೇಟರು ಡೀಸೆಲ್ ಇರುವವರೆಗೂ ನಡೆದೀತು, ಆದರೆ ತಡವಾಗಿ ಬರುತ್ತದೆ. ಎಟಿಎಸ್ ಇವೆರಡನ್ನೂ ಒಂದು ಕೆಲಸಕ್ಕೆ ಕೂಡಿಸುತ್ತದೆ. ಮೇಲೆ ಐಸಿಯುವಿನಲ್ಲಿ ಮಲಗಿರುವ ರೋಗಿಗೆ ಇದ್ಯಾವುದೂ ತಿಳಿಯದು. ಆ ರೋಗಿಯ ಪಾಲಿಗೆ ಏನೂ ನಿಂತೇ ಇಲ್ಲ.

ಏನೂ ನಿಂತಿಲ್ಲ ಎನ್ನುವ ಮಾತು ಎಷ್ಟರ ಮಟ್ಟಿಗೆ ನಿಜ? ನಿಮಿಷದ ಹಿಂದೆ ವೆಂಟಿಲೇಟರನ್ನು ನಡೆಸುತ್ತಿದ್ದುದು ಎಲ್ಲೋ ದೂರದ ವಿದ್ಯುದಾಗಾರ. ಈಗ ನಡೆಸುತ್ತಿರುವುದು ಹಿತ್ತಲಿನ ಡೀಸೆಲ್ ಎಂಜಿನ್. ಒಂದು ಇನ್ನೊಂದಲ್ಲ, ಒಂದರಿಂದ ಇನ್ನೊಂದಕ್ಕೆ ಏನೂ ಹರಿದುಬಂದಿಲ್ಲ. ಆದರೂ ಉಸಿರು ಅದೇ ಲಯದಲ್ಲಿ ಏರಿಳಿಯುತ್ತಿದೆ. ಒಂದು ಆಧಾರ ತಪ್ಪಿ ಇನ್ನೊಂದು ಆಧಾರ ಸಿಗುವ ನಡುವೆ ಮುಂದುವರಿಯುವುದು ಯಾವುದು, ನಡುವಿನ ಹೊತ್ತನ್ನು ಹೊರುವವರು ಯಾರು ಎಂಬ ಪ್ರಶ್ನೆಯನ್ನು ಭಾರತದ ದರ್ಶನಗಳು ಎರಡು ಸಾವಿರ ವರ್ಷಕ್ಕೂ ಹೆಚ್ಚು ಕಾಲ ಚರ್ಚಿಸಿವೆ. ಅವು ಕೇಳಿದ್ದು ಸಾವಿನ ಬಗ್ಗೆ. ಈ ದೇಹ ಬಿದ್ದ ಮೇಲೆ, ಮುಂದಿನ ದೇಹ ಹಿಡಿಯುವ ಮುನ್ನ, ಏನಿದೆ?

ಬಂದ ಉತ್ತರಗಳು ಒಂದೇ ಅಲ್ಲ. ಅವುಗಳ ಭಿನ್ನಾಭಿಪ್ರಾಯಕ್ಕೂ ಎಂಜಿನಿಯರುಗಳು ಸ್ವಿಚ್ಚುಗಳಲ್ಲಿ ಮಾಡಿಕೊಂಡ ಭೇದಗಳಿಗೂ ಇರುವ ಹೋಲಿಕೆ ಬೆರಗು ಹುಟ್ಟಿಸುವಂಥದು.

ಬೃಹದಾರಣ್ಯಕ ಉಪನಿಷತ್ತಿನ ನಾಲ್ಕನೆಯ ಅಧ್ಯಾಯದಲ್ಲಿ ಯಾಜ್ಞವಲ್ಕ್ಯ ಜನಕರಾಜನಿಗೆ ಸಾವನ್ನು ವಿವರಿಸುತ್ತಾನೆ. ಅಲ್ಲಿ ಹುಲ್ಲಿನ ಮೇಲೆ ಹರಿದಾಡುವ ಜಿಗಣೆಯಂಥ ಒಂದು ಹುಳು ಬರುತ್ತದೆ. ಹುಲ್ಲೆಸಳಿನ ತುದಿ ಮುಟ್ಟಿದ ಮೇಲೆ ಅದು ಮುಂದಿನ ಎಸಳನ್ನು ಹಿಡಿದುಕೊಂಡೇ ಹಿಂದಿನದನ್ನು ಬಿಡುತ್ತದೆ. ಆತ್ಮ ಒಂದು ದೇಹದಿಂದ ಇನ್ನೊಂದಕ್ಕೆ ಸಾಗುವ ಬಗೆ ಇದು ಎನ್ನುತ್ತದೆ ಉಪನಿಷತ್ತು. ಈ ದೇಹದಲ್ಲಿ ಇರುವಾಗಲೇ ಜೀವ ತನ್ನ ವಾಸನೆಯ, ಅಂದರೆ ಹಿಂದಿನ ಸಂಸ್ಕಾರದ, ಬಲದಿಂದ ಮುಂದಿನ ದೇಹದತ್ತ ಕೈ ಚಾಚಿರುತ್ತದೆ ಎಂದು ಶಂಕರರ ಭಾಷ್ಯ ಬಿಡಿಸಿ ಹೇಳುತ್ತದೆ. ಮೊದಲು ಹಿಡಿ, ಆಮೇಲೆ ಬಿಡು. ನಡುವೆ ಅಂತರವೇ ಇಲ್ಲ.

ಎಂಜಿನಿಯರುಗಳಲ್ಲೂ ಇಂಥ ಸ್ವಿಚ್ಚಿದೆ. ಅದನ್ನು ಕ್ಲೋಸ್ಡ್ ಟ್ರಾನ್ಸಿಶನ್ ಎನ್ನುತ್ತಾರೆ. ಎರಡೂ ಕಡೆಯ ಅಲೆಗಳನ್ನು ತಾಳಕ್ಕೆ ತಾಳ ಹೊಂದಿಸಿ, 100 ಮಿಲಿಸೆಕೆಂಡಿಗಿಂತ ಕಡಿಮೆ ಹೊತ್ತು ಎರಡನ್ನೂ ಕೂಡಿಸಿ, ಆಮೇಲೆ ಹಳೆಯದನ್ನು ಬಿಡಿಸುತ್ತದೆ. ದೀಪ ಮಿಣುಕುವುದೂ ಇಲ್ಲ. ಆದರೆ ಅದಕ್ಕೊಂದು ಷರತ್ತಿದೆ: ಆ ಗಳಿಗೆಯಲ್ಲಿ ಎರಡೂ ಕಡೆ ಜೀವಂತವಾಗಿರಬೇಕು. ಹೊರಗಿನ ಲೈನು ದಿಢೀರನೆ ಸತ್ತಾಗ ಹಿಡಿದುಕೊಂಡು ಬಿಡುವ ಪ್ರಶ್ನೆಯೇ ಏಳದು, ಹಿಡಿದದ್ದು ಆಗಲೇ ಕೈಬಿಟ್ಟಿದೆ. ಈ ಸ್ವಿಚ್ಚಿನ ಗುಣ ಕಾಣುವುದು ಮೊದಲೇ ಗೊತ್ತುಮಾಡಿಕೊಂಡ ಬದಲಾವಣೆಯಲ್ಲಿ, ಅಂದರೆ ಪರೀಕ್ಷೆಗೆಂದು ಜನರೇಟರಿಗೆ ಹೋಗುವಾಗ ಅಥವಾ ಲೈನ್ ಮರಳಿದ ಮೇಲೆ ಜನರೇಟರಿನಿಂದ ಹಿಂದಿರುಗುವಾಗ. ಇದನ್ನು ಮನಸ್ಸಿನಲ್ಲಿಟ್ಟುಕೊಂಡು ಉಪನಿಷತ್ತಿನ ಹುಳುವನ್ನು ನೋಡಿದರೆ ಹೊಸದೊಂದು ಪ್ರಶ್ನೆ ಏಳುತ್ತದೆ. ಹುಳು ನಿಂತ ಎಸಳೇ ಮುರಿದುಬಿದ್ದರೆ? ವಯಸ್ಸಾಗಿ, ಕಾಲ ತುಂಬಿ, ಮನಸ್ಸನ್ನು ಸಜ್ಜು ಮಾಡಿಕೊಂಡು ಹೋಗುವವರಿಗೆ ಆ ಚಿತ್ರ ಸರಿಹೊಂದುತ್ತದೆ. ರಸ್ತೆಯ ತಿರುವಿನಲ್ಲಿ ಒಂದೇ ಗಳಿಗೆಯಲ್ಲಿ ಹೋಗಿಬಿಡುವವರಿಗೆ?

ಬೌದ್ಧರು ಬೇರೆ ದಾರಿ ಹಿಡಿದರು. ‘ಮಿಲಿಂದ ಪ್ರಶ್ನೆ’ಯಲ್ಲಿ ಗ್ರೀಕ್ ಮೂಲದ ಅರಸ ಮಿನಾಂಡರ್, ಭಿಕ್ಷು ನಾಗಸೇನನನ್ನು ಇದೇ ವಿಷಯವಾಗಿ ಕಾಡುತ್ತಾನೆ. ನಾಗಸೇನ ರಾತ್ರಿಯಿಡೀ ಉರಿಯುವ ದೀಪವನ್ನು ಮುಂದಿಡುತ್ತಾನೆ. ಮೊದಲ ಜಾವದ ಜ್ವಾಲೆಯೂ ಕೊನೆಯ ಜಾವದ ಜ್ವಾಲೆಯೂ ಒಂದೆಯೇ ಎಂದರೆ ಅಲ್ಲ, ಸಂಬಂಧವೇ ಇಲ್ಲದ ಬೇರೆ ಬೇರೆ ಜ್ವಾಲೆಗಳೇ ಎಂದರೆ ಅದೂ ಅಲ್ಲ. ಒಂದು ಅಳಿಯುತ್ತದೆ, ಅದನ್ನು ಅವಲಂಬಿಸಿ ಇನ್ನೊಂದು ಹುಟ್ಟುತ್ತದೆ, ಧಾರೆ ಮಾತ್ರ ಮುಂದುವರಿಯುತ್ತದೆ. ಶ್ರೀಲಂಕಾ ಮತ್ತು ಬರ್ಮಾಗಳಲ್ಲಿ ಬೇರೂರಿದ ಥೇರವಾದ ಇದನ್ನು ಸಾವಿಗೂ ಅನ್ವಯಿಸಿತು. ಸಾಯುವ ಗಳಿಗೆಯ ಕೊನೆಯ ಚಿತ್ತ ಚ್ಯುತಿಚಿತ್ತ. ಅದು ಅಳಿದ ಮರುಗಳಿಗೆಯಲ್ಲೇ ಇನ್ನೊಂದು ಕಡೆ ಪ್ರತಿಸಂಧಿಚಿತ್ತ ಹುಟ್ಟುತ್ತದೆ. ಒಂದರಿಂದ ಇನ್ನೊಂದಕ್ಕೆ ಯಾವ ಆತ್ಮವೂ ಸಾಗುವುದಿಲ್ಲ, ನಡುವೆ ತಂಗುವ ಜಾಗವೂ ಇಲ್ಲ. ನಡುವಿನ ಸ್ಥಿತಿಯೊಂದುಂಟು ಎಂಬ ಪಕ್ಷವನ್ನು ‘ಕಥಾವತ್ಥು’ ಹೆಸರಿನ ಪಾಲಿ ಗ್ರಂಥ ಎತ್ತಿಕೊಂಡು ಖಂಡಿಸುತ್ತದೆ.

ಡೇಟಾ ಸೆಂಟರುಗಳಲ್ಲಿ ಇದಕ್ಕೆ ಹತ್ತಿರವಾದ ಸಲಕರಣೆಯಿದೆ, ಸ್ಟ್ಯಾಟಿಕ್ ಟ್ರಾನ್ಸ್‌ಫರ್ ಸ್ವಿಚ್. ಅದರಲ್ಲಿ ಅಲುಗುವ ತುಣುಕಿಲ್ಲ, ಟಕ್ಕೆನ್ನುವ ಸದ್ದಿಲ್ಲ. ಥೈರಿಸ್ಟರುಗಳು ನಾಲ್ಕೈದು ಮಿಲಿಸೆಕೆಂಡಿನಲ್ಲಿ, ಅಲೆಯೊಂದರ ಕಾಲುಭಾಗದಲ್ಲಿ, ಹೊರೆಯನ್ನು ಒಂದು ಮೂಲದಿಂದ ಇನ್ನೊಂದಕ್ಕೆ ದಾಟಿಸಿಬಿಡುತ್ತವೆ. ನೋಡುವವರಿಗೆ ಅಂತರವೇ ಇಲ್ಲ. ಹಾಗಿದ್ದೂ ಆ ಕಾಲು ಅಲೆಯ ಹೊತ್ತಿನಲ್ಲಿ ಕಂಪ್ಯೂಟರು ಬದುಕಿರುವುದು ಅದರ ಪವರ್ ಸಪ್ಲೈಯೊಳಗಿನ ಕೆಪಾಸಿಟರುಗಳು ಮೊದಲೇ ತುಂಬಿಕೊಂಡ ಚಾರ್ಜಿನಿಂದ. ಅಂತರ ಎಷ್ಟೇ ಚಿಕ್ಕದಿರಲಿ, ಅದನ್ನು ಹೊರಲು ಒಳಗೆ ಏನೋ ಕೂಡಿಟ್ಟಿರಬೇಕು. ಥೇರವಾದವೂ ಇದನ್ನು ಒಪ್ಪುತ್ತದೆ. ಪ್ರತಿಸಂಧಿಚಿತ್ತ ಎಲ್ಲಿ, ಹೇಗೆ ಹುಟ್ಟಬೇಕೆಂದು ನಿಶ್ಚಯಿಸುವುದು ಬದುಕಿದ್ದಾಗ ಮಾಡಿದ ಕರ್ಮ. ಅದರಲ್ಲೂ ಸಾವಿನ ಸಮೀಪದಲ್ಲಿ ಮನಸ್ಸಿಗೆ ಒದಗಿಬರುವ ಕರ್ಮಕ್ಕೆ ಅಲ್ಲಿ ವಿಶೇಷ ಸ್ಥಾನವಿದೆ.

ಇನ್ನೊಂದು ಬೌದ್ಧ ಪಂಥ, ಸರ್ವಾಸ್ತಿವಾದ, ಅಂತರವನ್ನು ಮುಚ್ಚಿಡದೆ ಒಪ್ಪಿಕೊಂಡಿತು. ಎರಡು ಹುಟ್ಟುಗಳ ನಡುವೆ ‘ಅಂತರಾಭವ’ ಎಂಬ ಸ್ಥಿತಿಯಿದೆ. ವಸುಬಂಧುವಿನ ‘ಅಭಿಧರ್ಮಕೋಶ’ದ ಮೂರನೆಯ ಅಧ್ಯಾಯ ಅದನ್ನು ಸಮರ್ಥಿಸುತ್ತದೆ. ಧಾನ್ಯ ಒಂದು ಊರಿಂದ ಇನ್ನೊಂದೂರಿಗೆ ಹೋಗಬೇಕಾದರೆ ನಡುವಿನ ಜಾಗಗಳನ್ನೆಲ್ಲ ಹಾದೇ ಹೋಗಬೇಕು. ಜೀವದ ಧಾರೆಯೂ ಹಾಗೆಯೇ ಎಂಬುದು ಅಲ್ಲಿನ ವಾದ. ಆ ನಡುಸ್ಥಿತಿಯ ಜೀವಿಗೆ ಗಂಧರ್ವ ಎಂದು ಹೆಸರು, ಗಂಧವೇ ಅದರ ಆಹಾರ. ಎಷ್ಟು ಕಾಲ ಹಾಗಿರುತ್ತದೆ ಎಂಬುದರಲ್ಲಿ ಆಚಾರ್ಯರಿಗೆ ಒಮ್ಮತವಿಲ್ಲ: ಒಬ್ಬರು ಏಳು ದಿನ ಎಂದರೆ ಇನ್ನು ಕೆಲವರು ಏಳು ವಾರ ಎನ್ನುತ್ತಾರೆ. ಈ ಏಳು ವಾರದ ಲೆಕ್ಕ ಟಿಬೆಟ್ಟಿಗೆ ಹೋಗಿ ‘ಬಾರ್ದೋ’ ಎಂಬ ಹೆಸರಿನಲ್ಲಿ ದೊಡ್ಡ ಸಂಪ್ರದಾಯವಾಗಿ ಬೆಳೆಯಿತು. 1960ರ ದಶಕದ ಆರಂಭದಲ್ಲಿ ಮೈಸೂರು ಜಿಲ್ಲೆಯ ಬೈಲಕುಪ್ಪೆಗೆ ಬಂದು ನೆಲೆಸಿದ ಟಿಬೆಟನ್ನರ ಜೊತೆ ಅದು ಕರ್ನಾಟಕಕ್ಕೂ ಬಂತು. ಸತ್ತವರಿಗಾಗಿ 49 ದಿನ ಪ್ರಾರ್ಥನೆ ನಡೆಸುವುದು ಅವರ ಪದ್ಧತಿ. ಹೋದವರು ನಡುವಿನಲ್ಲಿದ್ದಾರೆ, ದಾರಿ ತಪ್ಪದಂತೆ ಅವರಿಗೆ ಹೇಳಿಕೊಡಬೇಕು ಎಂಬ ನಂಬಿಕೆ ಅದರ ಹಿಂದಿದೆ.

ಕನ್ನಡ ನಾಡಿಗೆ ಇನ್ನೂ ಹಳೆಯ ನಂಟಿರುವುದು ಜೈನರ ಉತ್ತರದೊಡನೆ. ‘ತತ್ತ್ವಾರ್ಥಸೂತ್ರ’ದ ಎರಡನೆಯ ಅಧ್ಯಾಯ ಈ ನಡುವಿನ ಪಯಣವನ್ನು ವಿಗ್ರಹಗತಿ ಎಂದು ಕರೆದು ಅದರ ಕಾಲವನ್ನೂ ಅಳೆದಿಡುತ್ತದೆ. ಸಮಯ ಎಂದರೆ ಜೈನರ ಲೆಕ್ಕದಲ್ಲಿ ಮತ್ತೆ ಒಡೆಯಲಾಗದಷ್ಟು ಚಿಕ್ಕ ಕಾಲಾಂಶ. ಸಂಸಾರಿ ಜೀವದ ತಿರುವುಗಳುಳ್ಳ ಪಯಣ ನಾಲ್ಕು ಸಮಯದೊಳಗೆ ಮುಗಿಯುತ್ತದೆ. ದಿಗಂಬರ ಪಾಠದ ಪ್ರಕಾರ ಅದರಲ್ಲಿ ಒಂದು, ಎರಡು ಅಥವಾ ಮೂರು ಸಮಯ ಜೀವ ಅನಾಹಾರಕವಾಗಿರುತ್ತದೆ. ಹೊರಗಿನಿಂದ ದೇಹ ಕಟ್ಟಿಕೊಳ್ಳುವ ಯಾವ ದ್ರವ್ಯವನ್ನೂ ಆಗ ಅದು ತೆಗೆದುಕೊಳ್ಳುವುದಿಲ್ಲ. ಹಳೆಯ ದೇಹ ಬಿಟ್ಟಾಗಿದೆ, ಹೊಸದು ಸಿಕ್ಕಿಲ್ಲ, ಹೊರಗಿನ ಪೂರೈಕೆ ಶೂನ್ಯ. ಆ ಹೊತ್ತಿನಲ್ಲಿ ಜೀವವನ್ನು ನಡೆಸುವುದು ಬದುಕಿದ್ದಾಗ ಕಟ್ಟಿಕೊಂಡ ಕರ್ಮದಿಂದಲೇ ಆದ ಕಾರ್ಮಣ ಶರೀರ. ಕರ್ನಾಟಕದಲ್ಲಿ ಬಾಳಿದ ಪೂಜ್ಯಪಾದರು ತಮ್ಮ ‘ಸರ್ವಾರ್ಥಸಿದ್ಧಿ’ ಟೀಕೆಯಲ್ಲಿ ಈ ಸೂತ್ರಗಳನ್ನು ವಿವರಿಸಿದ್ದಾರೆ. ಎರಡು ಮೂಲಗಳೂ ಕೈಕೊಟ್ಟಿರುವ ಹೊತ್ತಿನಲ್ಲಿ ತಾನೇ ತುಂಬಿಟ್ಟುಕೊಂಡದ್ದರ ಬಲದಿಂದ ನಡೆಯುವ ವ್ಯವಸ್ಥೆಯನ್ನು ಇಷ್ಟು ಸ್ಪಷ್ಟವಾಗಿ ಚಿತ್ರಿಸಿದ ಹಳೆಯ ಗ್ರಂಥ ಅಪರೂಪ.

ಉಪನಿಷತ್ತು ಅಂತರವಿಲ್ಲ ಎನ್ನುತ್ತದೆ, ಏಕೆಂದರೆ ಹಿಡಿದೇ ಬಿಡುತ್ತೇವೆ. ಥೇರವಾದ ಅಂತರವಿಲ್ಲ ಎನ್ನುತ್ತದೆ, ಏಕೆಂದರೆ ಬಿಟ್ಟ ಮರುಗಳಿಗೆಯೇ ಹುಟ್ಟು. ಸರ್ವಾಸ್ತಿವಾದ ಅಂತರ ದಿನಗಟ್ಟಲೆ ಎನ್ನುತ್ತದೆ, ಜೈನರು ಹೆಚ್ಚೆಂದರೆ ಮೂರು ಸಮಯ ಎನ್ನುತ್ತಾರೆ. ಆತ್ಮವಿದೆಯೋ ಇಲ್ಲವೋ ಎಂಬುದರಲ್ಲೇ ಇವರು ಒಬ್ಬರಿಗೊಬ್ಬರು ಎದುರಾಳಿಗಳು. ಆದರೂ ಒಂದು ಮಾತಿನಲ್ಲಿ ನಾಲ್ವರೂ ಸೇರುತ್ತಾರೆ. ಅಂತರದಲ್ಲಿ ಕೈಹಿಡಿಯುವುದು ಮೊದಲೇ ಕೂಡಿಟ್ಟದ್ದು. ವಿದ್ಯೆ, ಕರ್ಮ, ಹಿಂದಿನ ಅನುಭವದ ಸಂಸ್ಕಾರ ಇವು ಹೋಗುವವನನ್ನು ಹಿಂಬಾಲಿಸುತ್ತವೆ ಎನ್ನುತ್ತಾನೆ ಯಾಜ್ಞವಲ್ಕ್ಯ. ಜೈನರಿಗೆ ಅದು ಕಾರ್ಮಣ ಶರೀರ, ಬೌದ್ಧರಿಗೆ ಕರ್ಮದ ಧಾರೆ. ಬ್ಯಾಟರಿ ತುಂಬುವುದು ಕರೆಂಟ್ ಇರುವಾಗ. ಹೋದ ಮೇಲೆ ತುಂಬಿಸುತ್ತೇನೆ ಎಂದರೆ ಆಗುವುದಿಲ್ಲ. ಸಾವಿನ ಬಗ್ಗೆ ಹುಟ್ಟಿದ ಸಿದ್ಧಾಂತಗಳು ಹೀಗೆ ಕೊನೆಗೆ ಬದುಕಿರುವ ಹೊತ್ತಿನ ಮೇಲೆ ಭಾರ ಹಾಕುತ್ತವೆ. ಇವುಗಳ ತೂಕ ಇರುವುದೂ ಅಲ್ಲೇ.

ದೀಪ ಆರದಂತೆ ನೋಡಿಕೊಳ್ಳಬೇಕಾದ ದೇವಸ್ಥಾನಗಳಿಗೂ ಇದು ಗೊತ್ತಿತ್ತು. ಕನ್ನಡ ಶಾಸನಗಳಲ್ಲಿ ನಂದಾದೀವಿಗೆಗೆ ಎಣ್ಣೆ ಸಲ್ಲಬೇಕೆಂದು ಗಾಣಗಳನ್ನೂ ಭೂಮಿಯನ್ನೂ ಬಿಟ್ಟುಕೊಟ್ಟ ದಾಖಲೆಗಳು ಹೇರಳ. ತಂಜಾವೂರಿನ ಬೃಹದೀಶ್ವರ ದೇವಾಲಯದಲ್ಲಿ ರಾಜರಾಜ ಚೋಳನ ಕಾಲದ ಶಾಸನಗಳು ಲೆಕ್ಕವನ್ನೇ ಕೊಡುತ್ತವೆ: ಒಂದು ದೀಪದ ತುಪ್ಪಕ್ಕೆ 96 ಕುರಿ, ಇಲ್ಲವೇ 48 ಹಸು, ಇಲ್ಲವೇ 16 ಎಮ್ಮೆ. ತಮಿಳು ಶಾಸನಗಳು ಇಂಥ ಕುರಿಗಳನ್ನು ಸಾವಿಲ್ಲದವು, ಮುಪ್ಪಿಲ್ಲದವು ಎಂದು ಬಣ್ಣಿಸುತ್ತವೆ. ಒಂದೊಂದು ಕುರಿಯೂ ಸಾಯುತ್ತಿತ್ತು. ಮಂದೆಯ ಲೆಕ್ಕ ಕುಂದದಂತೆ ನೋಡಿಕೊಳ್ಳುವ ಹೊಣೆ ಕಾಯುವವನದು. ನಾಗಸೇನ ಜ್ವಾಲೆಯನ್ನು ತೋರಿಸಿದ, ದಾನಿಗಳು ಜ್ವಾಲೆಯ ಹಿಂದಿನ ಮಂದೆಯನ್ನು ಲೆಕ್ಕಕ್ಕೆ ಹಿಡಿದರು.

ಇಷ್ಟರಿಂದ ವಾದ ಮುಗಿಯಲಿಲ್ಲ. ಬೌದ್ಧರ ಧಾರೆಯ ಸಿದ್ಧಾಂತವನ್ನು ಅತ್ಯಂತ ಮೊನಚಾಗಿ ಎದುರಿಸಿದವರು ಶಂಕರರು. ಬ್ರಹ್ಮಸೂತ್ರ ಭಾಷ್ಯದ ಎರಡನೆಯ ಅಧ್ಯಾಯ, ಎರಡನೆಯ ಪಾದದಲ್ಲಿ ಅವರು ಕ್ಷಣಿಕವಾದಿಗಳನ್ನು ಇಕ್ಕಟ್ಟಿಗೆ ಸಿಕ್ಕಿಸುತ್ತಾರೆ. ಎಲ್ಲವೂ ಕ್ಷಣಮಾತ್ರ ಇರುವುದಾದರೆ, ಮುಂದಿನದು ಹುಟ್ಟುವಾಗ ಹಿಂದಿನದು ಇದೆಯೋ ಇಲ್ಲವೋ? ಆಗಲೇ ಅಳಿದಿದ್ದರೆ, ಇಲ್ಲದ್ದು ಮುಂದಿನದಕ್ಕೆ ಕಾರಣವಾಗುವುದು ಹೇಗೆ? ಇನ್ನೂ ಉಳಿದಿದ್ದರೆ, ಎರಡೂ ಒಟ್ಟಿಗೆ ಇದ್ದಂತಾಯಿತು, ಕ್ಷಣಿಕತ್ವ ಮುರಿಯಿತು. ಎಟಿಎಸ್ ವಿನ್ಯಾಸ ಮಾಡುವವರು ಪ್ರತಿಸಲವೂ ಎದುರಿಸುವ ಆಯ್ಕೆ ಇದೇ. ಬಿಟ್ಟು ಹಿಡಿದರೆ ಅಂತರ ಬೀಳುತ್ತದೆ, ಹಿಡಿದು ಬಿಟ್ಟರೆ ಎರಡೂ ಏಕಕಾಲಕ್ಕೆ ಕೂಡಿಕೊಳ್ಳುತ್ತವೆ. ಮೂರನೆಯ ದಾರಿ ಸ್ವಿಚ್ಚಿನೊಳಗೆ ಇಲ್ಲ. ಅದನ್ನು ಸ್ವಿಚ್ಚಿನಾಚೆ, ಬ್ಯಾಟರಿಯಲ್ಲಿ, ಹುಡುಕಬೇಕು. ಶಂಕರರು ಹೇಳಿದ್ದೂ ಹೆಚ್ಚುಕಡಿಮೆ ಅದನ್ನೇ. ಬದಲಾಗುವ ಕ್ಷಣಗಳ ಸಾಲಿನಲ್ಲಿ ಆಧಾರ ಸಿಗದು, ಸಾಲಿನಾಚೆ ಬದಲಾಗದ ಒಂದು ಇರಬೇಕು.

ಅದು ಇದೆ ಎನ್ನುವುದಕ್ಕೆ ಅದ್ವೈತಿಗಳು ನಿದ್ದೆಯನ್ನು ಸಾಕ್ಷಿಗೆ ಕರೆಯುತ್ತಾರೆ. ಗಾಢ ನಿದ್ದೆಯಿಂದ ಎದ್ದವರು ಸುಖವಾಗಿ ಮಲಗಿದ್ದೆ, ಏನೂ ತಿಳಿಯಲಿಲ್ಲ ಎನ್ನುತ್ತಾರೆ. ಏನೂ ತಿಳಿಯಲಿಲ್ಲ ಎಂಬುದು ತಿಳಿದದ್ದು ಯಾರಿಗೆ? ಇಲ್ಲದಿರುವಿಕೆಯನ್ನು ಕಂಡ ಒಬ್ಬ ಸಾಕ್ಷಿ ಆಗಲೂ ಎಚ್ಚರವಾಗಿದ್ದಿರಬೇಕು. ಪ್ಯಾನೆಲ್ ರೂಮಿನಲ್ಲೂ ಇದಕ್ಕೆ ಸಮನಾದ ಕಟ್ಟುಪಾಡೊಂದಿದೆ. ಲೈನು ಸತ್ತಿದೆ ಎಂದು ಕಂಡುಹಿಡಿಯಬೇಕಾದ ಕಂಟ್ರೋಲರಿಗೆ ಅದೇ ಲೈನಿನಿಂದ ಮಾತ್ರ ಕರೆಂಟು ಕೊಟ್ಟಿದ್ದರೆ, ಹೇಳಬೇಕಾದ ಗಳಿಗೆಯಲ್ಲೇ ಅದೂ ಸತ್ತಿರುತ್ತದೆ. ಆದ್ದರಿಂದ ಅದಕ್ಕೆ 12 ಅಥವಾ 24 ವೋಲ್ಟಿನ ಬೇರೆ ಬ್ಯಾಟರಿಯ ಆಸರೆ ಇರುತ್ತದೆ. ಹೋದದ್ದನ್ನು ಅರಿಯುವವನು ಹೋಗುವುದರ ಮೇಲೆ ನಿಂತಿರಬಾರದು. ಬೌದ್ಧರು ಇಲ್ಲಿಗೂ ಸುಮ್ಮನಾಗುವುದಿಲ್ಲ. ಆ ಬ್ಯಾಟರಿಯೂ ಗಳಿಗೆ ಗಳಿಗೆಗೂ ಸವೆಯುತ್ತಿದೆ, ಕೆಲವು ವರ್ಷಕ್ಕೊಮ್ಮೆ ಬದಲಾಗುತ್ತದೆ. ಬದಲಾಗದ ಸಾಕ್ಷಿಯನ್ನು ಎಲ್ಲಿ ತೋರಿಸುತ್ತೀರಿ ಎಂದು ಅವರು ಕೇಳಬಹುದು. ಆ ಪ್ರಶ್ನೆಗೂ ಬಲವಿದೆ. ಯಂತ್ರದ ಹೋಲಿಕೆ ಇಲ್ಲಿಂದ ಮುಂದೆ ಅದ್ವೈತಿಗೆ ನೆರವಾಗದು, ಅದ್ವೈತಿ ಹೇಳುವ ಸಾಕ್ಷಿ ವಸ್ತುವೇ ಅಲ್ಲ.

ಚಾರ್ವಾಕರ ಮಾತನ್ನೂ ಕೇಳಬೇಕು. ಎರಡನೆಯ ಮೂಲವೇ ಇಲ್ಲದ ಕಡೆ ಸ್ವಿಚ್ಚಿಗೇನು ಕೆಲಸ? ದೇಹ ಬಿದ್ದರೆ ಅರಿವೂ ಆರಿತು, ಮುಂದಿನ ಆಧಾರ ಎಂಬುದು ಕಂಡವರಿಲ್ಲದ ಕಲ್ಪನೆ ಎನ್ನುತ್ತಾರೆ ಅವರು. ಪ್ಯಾನೆಲ್ ರೂಮಿನಲ್ಲಿ ಜನರೇಟರ್ ಇದೆಯೋ ಇಲ್ಲವೋ ಎಂದು ಬಾಗಿಲು ತೆರೆದು ನೋಡಬಹುದು. ಸಾವಿನಾಚೆ ಹಾಗೆ ನೋಡಿಬಂದವರಿಲ್ಲ. ಎಟಿಎಸ್ ಹೀಗೆ ಕೆಲಸ ಮಾಡುತ್ತದೆ ಎಂಬುದರಿಂದ ಮರುಹುಟ್ಟು ಸಾಬೀತಾಗುವುದಿಲ್ಲ. ಸಾಬೀತಾಗುವುದು ಇಷ್ಟೇ: ಆಧಾರ ಬದಲಾಗುವಾಗ ಮುಂದುವರಿಕೆ ಬಿಟ್ಟಿಯಾಗಿ ಸಿಗುವಂಥದಲ್ಲ, ಅಂತರವನ್ನು ಯಾರೋ ಹೊರಬೇಕು. ಚಾರ್ವಾಕರೂ ಇದನ್ನು ಒಪ್ಪಬಹುದು. ಈ ಬದುಕಿನೊಳಗೇ ಅಂಥ ಅಂತರಗಳು ಎಷ್ಟೋ ಇವೆ, ಅವುಗಳಲ್ಲಿ ಕೆಲವು ಜೀವ ತೆಗೆದಿವೆ.

ಅಮೆರಿಕದ ನ್ಯೂ ಆರ್ಲಿಯನ್ಸ್ ನಗರಕ್ಕೆ 2005ರ ಆಗಸ್ಟ್ 29ರಂದು ಕತ್ರೀನಾ ಚಂಡಮಾರುತ ಅಪ್ಪಳಿಸಿತು. ಮೆಮೋರಿಯಲ್ ಮೆಡಿಕಲ್ ಸೆಂಟರಿನಲ್ಲಿ ನಗರದ ಕರೆಂಟ್ ಹೋದಾಗ ಜನರೇಟರುಗಳು ಎದ್ದವು, ಬದಲಿ ವ್ಯವಸ್ಥೆ ನಡೆಯಿತು. ಆಮೇಲೆ ಒಡ್ಡು ಒಡೆದು ನೀರು ಏರತೊಡಗಿತು. ಬದಲಿ ವಿದ್ಯುತ್ ವ್ಯವಸ್ಥೆಯ ಟ್ರಾನ್ಸ್‌ಫರ್ ಸ್ವಿಚ್ಚುಗಳ ಕೆಲವು ಭಾಗಗಳು ನೆಲದಿಂದ ಕೆಲವೇ ಅಡಿ ಎತ್ತರದಲ್ಲಿದ್ದವು. 31ರ ನಸುಕಿನಲ್ಲಿ ಆಸ್ಪತ್ರೆಯ ಬದಲಿ ವಿದ್ಯುತ್ತೂ ನಿಂತಿತು. ವೆಂಟಿಲೇಟರುಗಳು ತಮ್ಮ ಚಿಕ್ಕ ಬ್ಯಾಟರಿಗಳ ಮೇಲೆ ಸ್ವಲ್ಪ ಹೊತ್ತು ನಡೆದವು, ಆಮೇಲೆ ಅವೂ ಸೋತವು. ನರ್ಸುಗಳು ಕತ್ತಲಲ್ಲಿ, ಉಸಿರುಗಟ್ಟಿಸುವ ಸೆಕೆಯಲ್ಲಿ, ಆಂಬು ಬ್ಯಾಗ್ ಹಿಡಿದು ಕೈಯಿಂದ ಒತ್ತಿ ಒತ್ತಿ ರೋಗಿಗಳಿಗೆ ಉಸಿರು ಕೊಟ್ಟರು. ನೀರಿಳಿದ ಮೇಲೆ ಆ ಆಸ್ಪತ್ರೆಯಲ್ಲಿ 45 ಶವಗಳು ಸಿಕ್ಕವು. ಆ ದಿನಗಳಲ್ಲಿ ಅಲ್ಲಿ ತೆಗೆದುಕೊಂಡ ನಿರ್ಧಾರಗಳ ಬಗ್ಗೆ ವೈದ್ಯೆ ಹಾಗೂ ಪತ್ರಕರ್ತೆ ಶೆರಿ ಫಿಂಕ್ ಬರೆದ ‘ಫೈವ್ ಡೇಸ್ ಅಟ್ ಮೆಮೋರಿಯಲ್’ ಇಂದಿಗೂ ವೈದ್ಯಕೀಯ ನೀತಿಯ ಚರ್ಚೆಯಲ್ಲಿದೆ.

ಜಪಾನಿನ ಫುಕುಶಿಮಾ ದಾಯಿಚಿ ಅಣು ಸ್ಥಾವರದ ಕಥೆ ಇದಕ್ಕಿಂತ ವಿಚಿತ್ರ. 2011ರ ಮಾರ್ಚ್ 11ರ ಮಧ್ಯಾಹ್ನ 2.46ಕ್ಕೆ ಭೂಕಂಪವಾಗಿ ಹೊರಗಿನ ಲೈನ್ ಕಡಿದಾಗ ಡೀಸೆಲ್ ಜನರೇಟರುಗಳು ತಾವಾಗಿಯೇ ಎದ್ದವು. ಸುಮಾರು 50 ನಿಮಿಷದ ಬಳಿಕ ಸುನಾಮಿ ಒಳನುಗ್ಗಿತು. ಬಹುತೇಕ ಜನರೇಟರುಗಳು ಮುಳುಗಿದವು. ಆದರೆ ಎರಡನೆಯ ಮತ್ತು ನಾಲ್ಕನೆಯ ಘಟಕಗಳ ತಲಾ ಒಂದು ಗಾಳಿ ತಂಪಿನ ಜನರೇಟರ್ ನೀರಿಗೆ ಸಿಗದೆ ಉಳಿದಿತ್ತು. ಎಂಜಿನ್ ಕೆಟ್ಟಿರಲಿಲ್ಲ, ಅದರ ಕರೆಂಟನ್ನು ಹಂಚಬೇಕಾದ ಸ್ವಿಚ್‌ಗೇರ್ ಪ್ಯಾನೆಲ್ಲುಗಳು ಕೆಳಗೆ ಮುಳುಗಿದ್ದವು. ಮೂಲ ಉಳಿದಿತ್ತು, ಸಂಧಿ ಸತ್ತಿತ್ತು. ಆರನೆಯ ಘಟಕದಲ್ಲಿ ಮಾತ್ರ ಗಾಳಿ ತಂಪಿನ ಜನರೇಟರೂ ಅದರ ಪ್ಯಾನೆಲ್ಲೂ ಎರಡೂ ಉಳಿದಿದ್ದರಿಂದ ಅದರ ಕರೆಂಟನ್ನು ಐದನೆಯ ಘಟಕಕ್ಕೂ ಹಂಚಿಕೊಂಡು ಎರಡನ್ನೂ ಉಳಿಸಿದರು.

ಎರಡೂ ಕಡೆ ಜನರು ಮೂಲಗಳನ್ನು ಇಮ್ಮಡಿ ಮಾಡಿಟ್ಟಿದ್ದರು, ಎರಡು ಮೂಲಗಳು ಕೂಡುವ ಜಾಗಕ್ಕೆ ಅಷ್ಟೇ ಗಮನ ಸಲ್ಲಲಿಲ್ಲ. ಧಾರ್ಮಿಕ ಚಿಂತನೆಯಲ್ಲೂ ಇಂಥದೇ ಮರೆವು ಕಾಣುತ್ತದೆ. ಆತ್ಮ ನಿತ್ಯವೋ ಅನಿತ್ಯವೋ, ಮುಂದಿನ ಲೋಕ ಎಂಥದು ಎಂಬ ಎರಡು ತುದಿಗಳ ಬಗ್ಗೆ ಹರಿದ ಮಾತು ಅಪಾರ. ದಾಟುವ ಹೊತ್ತಿನಲ್ಲಿ ಒಬ್ಬ ಮನುಷ್ಯನಿಗೆ ಏನು ಬೇಕು ಎಂಬುದನ್ನು ಕೂತು ಯೋಚಿಸಿದವರು ಕಡಿಮೆ. ಯೋಚಿಸಿದವರಲ್ಲಿ ಜೈನರಿಗೆ ಮೊದಲ ಸಾಲಿನ ಜಾಗ ಸಲ್ಲಬೇಕು.

ಶ್ರವಣಬೆಳಗೊಳದ ಚಂದ್ರಗಿರಿಯ ಬಂಡೆಗಳ ಮೇಲೆ ಸಲ್ಲೇಖನ ವ್ರತದಿಂದ ದೇಹ ಬಿಟ್ಟವರ ಶಾಸನಗಳು ಸಾವಿರ ವರ್ಷಕ್ಕೂ ಹಿಂದಿನಿಂದ ಸಾಲುಗಟ್ಟಿವೆ. ಆ ವ್ರತ ಸರಿಯೇ ಎಂಬ ಬಗ್ಗೆ ಈ ಕಾಲದಲ್ಲಿ ನ್ಯಾಯಾಲಯಗಳವರೆಗೂ ವಾದ ಹೋಗಿದೆ; 2015ರಲ್ಲಿ ರಾಜಸ್ಥಾನ ಹೈಕೋರ್ಟ್ ಅದನ್ನು ಅಪರಾಧವೆಂದು ತೀರ್ಪಿತ್ತಾಗ ಸುಪ್ರೀಂ ಕೋರ್ಟ್ ಆ ತೀರ್ಪಿಗೆ ತಡೆ ಕೊಟ್ಟಿತು. ಆ ವಿವಾದ ಏನೇ ಇರಲಿ, ಅದರ ಕ್ರಮವನ್ನು ಗಮನಿಸಬೇಕು. ಹೊರಗಿನಿಂದ ತೆಗೆದುಕೊಳ್ಳುವ ಆಹಾರ ಹಂತಹಂತವಾಗಿ ಕಡಿಮೆಯಾಗುತ್ತದೆ. ಮನಸ್ಸು ಒಂದೊಂದೇ ಆಸರೆಯಿಂದ ಬಿಡಿಸಿಕೊಳ್ಳುತ್ತದೆ. ಪೂರೈಕೆ ತಾನಾಗಿ ನಿಲ್ಲುವ ಮುನ್ನವೇ, ಎರಡೂ ಕಡೆ ಇನ್ನೂ ಸ್ಥಿರವಾಗಿರುವಾಗ, ಗೊತ್ತುಮಾಡಿಕೊಂಡು ದಾಟುವ ಪ್ರಯತ್ನ ಅದು. ಉಪನಿಷತ್ತಿನ ಹುಳು ಎಸಳಿಂದ ಎಸಳಿಗೆ ನೆಮ್ಮದಿಯಾಗಿ ದಾಟಲು ಬೇಕಾದ ಷರತ್ತನ್ನು ಈ ವ್ರತ ಪೂರೈಸಲು ನೋಡುತ್ತದೆ.

ಆದರೆ ಅದನ್ನು ಒಬ್ಬರೇ ಮಾಡಲಾಗದು ಎಂಬುದು ಆ ಪರಂಪರೆಯ ಅರಿವು. ಶಿವಾರ್ಯರ ‘ಭಗವತೀ ಆರಾಧನಾ’ ವ್ರತ ಹಿಡಿದವರ ಸುತ್ತ ನೆರವಿಗೆ ಇರಬೇಕಾದ ನಿರ್ಯಾಪಕರ ಸಂಖ್ಯೆಯನ್ನು 48 ಎಂದು ಹೇಳಿ, ಅವರಿಗೆ ಕೆಲಸ ಹಂಚಿಕೊಡುತ್ತದೆ. ಕೆಲವರು ಮೈ ಹೊರಳಿಸಿ ಆರೈಕೆ ಮಾಡಬೇಕು, ಕೆಲವರು ಧರ್ಮಕಥೆ ಹೇಳಿ ಮನಸ್ಸು ಕುಗ್ಗದಂತೆ ನೋಡಿಕೊಳ್ಳಬೇಕು, ಕೆಲವರು ಬಾಗಿಲಲ್ಲಿ ನಿಂತು ಗದ್ದಲ ಒಳಗೆ ಬರದಂತೆ ತಡೆಯಬೇಕು. ಅಷ್ಟು ಜನ ಸಿಗದಿದ್ದರೆ ಕೊನೆಗೆ ಇಬ್ಬರಾದರೂ ಇರಲೇಬೇಕು, ಒಬ್ಬರಿಂದ ಆಗದು. ಹಳಗನ್ನಡದ ‘ವಡ್ಡಾರಾಧನೆ’ಯ 19 ಕಥೆಗಳು ಈ ಗ್ರಂಥದ ಗಾಹೆಗಳಿಗೆ ಹೊಂದಿಕೊಂಡೇ ಹುಟ್ಟಿದಂಥವು, ಸಾವಿನಂಚಿನ ನೋವನ್ನು ತಾಳಿದವರ ಕಥೆಗಳನ್ನು ಹೇಳಿ ಕೇಳುವವರ ಮನಸ್ಸಿಗೆ ಬಲ ತುಂಬುವುದು ಅವುಗಳ ಉದ್ದೇಶ. ಬೈಲಕುಪ್ಪೆಯ 49 ದಿನದ ಪ್ರಾರ್ಥನೆಯಲ್ಲೂ ಇದೇ ಅರಿವಿದೆ. ಒಳಗೆ ಕೂಡಿಟ್ಟದ್ದು ಸಾಲದೆ ಹೋದೀತು, ಆಗ ಸುತ್ತಲಿನವರು ಹೊರಬೇಕು. ಮೆಮೋರಿಯಲ್ ಆಸ್ಪತ್ರೆಯಲ್ಲಿ ಬ್ಯಾಟರಿ ಮುಗಿದ ಮೇಲೆ ನರ್ಸುಗಳ ಕೈಗಳು ಮಾಡಿದ್ದೂ ಅದನ್ನೇ.

ಇದನ್ನೆಲ್ಲ ಒಪ್ಪುವವರು ಪ್ಯಾನೆಲ್ ರೂಮನ್ನು ಕೇವಲ ಯಂತ್ರದ ಕೋಣೆ ಎಂದು ನೋಡಲಾಗದು. ಎನ್‌ಎಫ್‌ಪಿಎ ನಿಯಮದ ಪ್ರಕಾರ ಜನರೇಟರನ್ನು ತಿಂಗಳಿಗೊಮ್ಮೆ ಕನಿಷ್ಠ 30 ನಿಮಿಷ, ಬರಿದೇ ಓಡಿಸದೆ ಹೊರೆ ಹೊರಿಸಿ ಪರೀಕ್ಷಿಸಬೇಕು, ಟ್ರಾನ್ಸ್‌ಫರ್ ಸ್ವಿಚ್ಚನ್ನೂ ತಿಂಗಳಿಗೊಮ್ಮೆ ಆಡಿಸಿ ನೋಡಬೇಕು. ಮೇಲೆ ರೋಗಿಗಳಿರುವಾಗ ಲೈನ್ ತೆಗೆದು ನೋಡಲು ಆಡಳಿತದವರಿಗೆ ಭಯ. ಆ ಭಯಕ್ಕೆ ಅರ್ಥವಿದೆ, ಆದರೆ ಪರೀಕ್ಷಿಸದೆ ಬಿಟ್ಟ ಸ್ವಿಚ್ಚಿನ ಮೊದಲ ಪರೀಕ್ಷೆ ನಿಜವಾದ ವಿಪತ್ತಿನಲ್ಲೇ ನಡೆಯುತ್ತದೆ. ಸ್ಟಾರ್ಟರ್ ಬ್ಯಾಟರಿಯ ಟರ್ಮಿನಲ್ಲಿನಲ್ಲಿ ಕಟ್ಟಿದ ಬಿಳಿ ಪುಡಿ ಉಜ್ಜಿ ತೆಗೆದು, ಡೀಸೆಲ್ ಮಟ್ಟ ನೋಡಿ, ಯುಪಿಎಸ್ಸಿನ ಸೆಲ್ಲುಗಳ ವೋಲ್ಟೇಜನ್ನು ಒಂದೊಂದಾಗಿ ಬರೆದಿಡುವ ರಾತ್ರಿ ಪಾಳಿಯ ಎಲೆಕ್ಟ್ರಿಷಿಯನ್, ನಿರ್ಯಾಪಕರ ಸಾಲಿಗೆ ಸೇರಿದವನು. ಕರ್ನಾಟಕದ ಆಸ್ಪತ್ರೆಗಳು ಅವನ ಕೆಲಸವನ್ನು ಗುತ್ತಿಗೆಯ ಕೊನೆಯ ಸಾಲಿನಲ್ಲಿ ಬರೆಯುವುದನ್ನು ಬಿಡಬೇಕು. ಅವನ ಲಾಗ್‌ಬುಕ್ ಮೆಂಟೆನೆನ್ಸ್ ವಿಭಾಗದ ಕಪಾಟಿನಲ್ಲೇ ಉಳಿಯಬಾರದು. ಐಸಿಯು ನೋಡಿಕೊಳ್ಳುವ ವೈದ್ಯರೂ ಅದನ್ನು ತಿಂಗಳಿಗೊಮ್ಮೆ ಓದಿ ಸಹಿ ಹಾಕಬೇಕು. ಮುಂದಿನ ಪರೀಕ್ಷೆಯ ದಿನವನ್ನು ಇಬ್ಬರೂ ಕೂತು ಗೊತ್ತುಮಾಡಬೇಕು.